ಅಂಗಡಿ ಕಾಣದ ನಾಣ್ಯ



ಹೇರೂರಿನ ನಮ್ಮ ಮನೆಯ ದೇವರ ಒಳದಲ್ಲಿ ವಿಕ್ಟೋರಿಯಾ ರಾಣಿಯ ಎರಡು ಬೆಳ್ಳಿ ರೂಪಾಯಿಗಳಿವೆ. ಒಂದು 1862ರದ್ದು, ಅದರ ಮೇಲೆ ‘ರಾಣಿ’ ಎಂದಿದೆ. ಇನ್ನೊಂದು 1882ರದ್ದು. ಅಷ್ಟರಲ್ಲಿ ಆಕೆ ಭಾರತದ ಚಕ್ರವರ್ತಿನಿಯಾಗಿದ್ದಳು, ನಾಣ್ಯದ ಬರಹವೂ ಬದಲಾಗಿತ್ತು. ದೀಪಾವಳಿ ಬಂತೆಂದರೆ ಆಯಿ ಎರಡನ್ನೂ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಎಷ್ಟೋ ಕೈ ದಾಟಿ, ಎಷ್ಟೋ ಹಬ್ಬ ಕಂಡು ರಾಣಿಯ ಕೆನ್ನೆ ನುಣ್ಣಗಾಗಿದೆ, ಕೂದಲಿನ ಗೆರೆ ಮಾಸಿದೆ.

ಇವು ಸಂತೆಯಲ್ಲಿ ಓಡಾಡಿದ ಹಣ. ಟಂಕಸಾಲೆಯಿಂದ ನೇರ ಪೆಟ್ಟಿಗೆ ಸೇರುವ ನಾಣ್ಯಗಳೂ ಇವೆ. ಇವತ್ತಿನ ಮಾತು ಅವುಗಳದ್ದು.

ಶಾಂತಸಾಗರದ ನಿಯುಎ ದ್ವೀಪದಲ್ಲಿ ಎರಡು ಸಾವಿರ ಜನರೂ ಇಲ್ಲ. ಅಲ್ಲಿ ಉಪ್ಪು, ಸಕ್ಕರೆ ಕೊಳ್ಳುವುದು ನ್ಯೂಜಿಲೆಂಡ್ ಡಾಲರಿನಲ್ಲಿ. ಆದರೂ ನಿಯುಎ ಹೆಸರು ಹೊತ್ತ ನಾಣ್ಯಗಳು ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ಒಂದು ಮುಖದಲ್ಲಿ ಸ್ಟಾರ್ ವಾರ್ಸ್ ವೀರರೋ ಡಿಸ್ನಿಯ ಮಿಕ್ಕಿ ಮೌಸೋ ಇದ್ದರೆ, ಇನ್ನೊಂದರಲ್ಲಿ ಬಹುಕಾಲ ಇದ್ದವಳು ಎಲಿಜಬೆತ್ ರಾಣಿ, ನಮ್ಮ ದೇವರ ಒಳದ ವಿಕ್ಟೋರಿಯಾಳ ಮರಿಮಗನ ಮಗಳು! ಅಚ್ಚು ಹಾಕುವುದು ಹೊರದೇಶದ ಟಂಕಸಾಲೆ. ದ್ವೀಪ ಕೊಡುವುದು ತನ್ನ ಹೆಸರನ್ನು, ಕಾನೂನಿನ ಒಪ್ಪಿಗೆಯನ್ನು. ಅದಕ್ಕೆ ಪ್ರತಿಯಾಗಿ ರಾಯಧನ ಬರುತ್ತದೆ. ಆದಾಯಕ್ಕೆ ಹೆಚ್ಚು ದಾರಿಯಿಲ್ಲದ ಪುಟ್ಟ ನಾಡು ಹೀಗೆ ನಾಲ್ಕು ಕಾಸು ಕಂಡರೆ ನನಗದು ನ್ಯಾಯವಾದ ದುಡಿಮೆಯೆಂದೇ ತೋರುತ್ತದೆ. ಪಲಾವು ದ್ವೀಪವಂತೂ 2007ರಲ್ಲಿ ಫ್ರಾನ್ಸಿನ ಲೂರ್ಡ್ ಕ್ಷೇತ್ರದ ತೀರ್ಥವನ್ನೇ ನಾಣ್ಯದೊಳಗೆ ಕೂರಿಸಿತು. ಫಿಜಿ 2012ರಲ್ಲಿ ಲಕ್ಷ್ಮಿಯ ನಾಣ್ಯ ತಂದಿತು.

ಕೊಳ್ಳುವವರು ಗಮನಿಸಬೇಕಾದ್ದು ಇಷ್ಟು: ಇಂಥ ನಾಣ್ಯಕ್ಕೆ ಮೂರು ಬೆಲೆ. ನಿಯುಎಯ ಒಂದು ಔನ್ಸ್ ನಾಣ್ಯದಲ್ಲಿ 31.1 ಗ್ರಾಂ ಬೆಳ್ಳಿ, ಮೇಲೆ ಅಚ್ಚಾದದ್ದು ಬರೀ 2 ಡಾಲರ್. ಬೆಳ್ಳಿಯ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು, ಮಾರುವವನು ಹೇಳುವುದು ಅದಕ್ಕೂ ಹೆಚ್ಚು. ಮುಂದೆ ಮಾರಲು ಹೋದಾಗ ಗಟ್ಟಿಯಾಗಿ ಕೈಗೆ ಬರುವುದು ಬೆಳ್ಳಿಯ ಬೆಲೆ. ಮಿಕ್ಕಿದ್ದು ಆ ಹೊತ್ತಿಗೆ ಬೇಕೆನ್ನುವವರು ಎಷ್ಟು ಮಂದಿ ಎಂಬುದರ ಮೇಲೆ.

ನಮ್ಮ ಸರ್ಕಾರವೂ 2006ರಲ್ಲಿ ಬಸವೇಶ್ವರರ ಸ್ಮರಣೆಗೆ ನಾಣ್ಯ ತಂದಿತು. ಅರ್ಧ ಬೆಳ್ಳಿಯ ನೂರು ರೂಪಾಯಿಯದು ಸಂಗ್ರಾಹಕರ ಪೆಟ್ಟಿಗೆ ಸೇರಿತು. ಐದು ರೂಪಾಯಿಯದು ಚಲಾವಣೆಗೂ ಬಂತು. ನನಗದು ಸಿಕ್ಕಿದ್ದು ಶಿರಸಿ ಪೇಟೆಯಲ್ಲಿ, ತರಕಾರಿ ಚಿಲ್ಲರೆಯ ಜೊತೆ, ಅಂಚಿಗೆ ಮಣ್ಣು ಮೆತ್ತಿಕೊಂಡು. ಅದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ.

ಕೊನೆಗೊಂದು ಮಾತು: ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದಿಲ್ಲ. ನಿಮ್ಮಲ್ಲಿ ಹಳೆಯದೇನಾದರೂ ಇದ್ದು, ಮಾರುವ ಯೋಚನೆಯಿದ್ದರೆ ಕಪ್ಪಾಗಿದ್ದರೂ ಹಾಗೇ ಬಿಡಿ. ನಮ್ಮ ಮನೆಯ ಎರಡು ರೂಪಾಯಿಗಳನ್ನು ಮಾತ್ರ ಈ ದೀಪಾವಳಿಗೂ ಹುಣಸೆಹಣ್ಣು ಹಚ್ಚಿಯೇ ಬೆಳಗುತ್ತೇವೆ.