ನಿರ್ಮಾಣ ನಿರ್ವಹಣೆ: ವ್ಯಾಸಂಗ ಮತ್ತು ಉದ್ಯೋಗ
(ಶತಮಾನೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಈ ಶಾಲೆ ಆರಂಭವಾದಾಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಗಡಿ ಬದಲಾದರೂ ದಾರಿ ಉಳಿಯಿತು. ಚಾಮರಾಜನಗರದಿಂದ ದಿಂಬಂ ಘಟ್ಟವಿಳಿದು ಸತ್ಯಮಂಗಲದ ಮೂಲಕ ಸಾಗುವ ಹೆದ್ದಾರಿ, ಕೊಯಮತ್ತೂರು ಸೇರುವ ಮುನ್ನ ಶರವಣಂಪಟ್ಟಿಯನ್ನು ಹಾಯುತ್ತದೆ. ಅಲ್ಲಿ ಇಂದು ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ವಸತಿ ಸಮುಚ್ಚಯಗಳೂ ಎದ್ದಿವೆ. ಇಂಥ ಊರುಗಳಿಗೆ ನಮ್ಮ ಸೀಮೆಯವರು ಕೂಲಿಗೆ ಹೋಗುವುದು ಹೊಸತಲ್ಲ. ಅದೇ ಕಟ್ಟಡಗಳ ಯೋಜನೆ ರೂಪಿಸುವವರಾಗಿ ಅವರ ಮಕ್ಕಳು ಹೋಗಬಲ್ಲರೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಕಟ್ಟಡ ನಿಲ್ಲುವಂತೆ ವಿನ್ಯಾಸ ಮಾಡುವುದು ಒಂದು ವಿದ್ಯೆ. ಅದನ್ನು ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ, ಯಾರ ಪ್ರಾಣಕ್ಕೂ ಅಪಾಯವಾಗದಂತೆ ಮುಗಿಸುವುದು ಇನ್ನೊಂದು ವಿದ್ಯೆ. ಇದೇ ನಿರ್ಮಾಣ ನಿರ್ವಹಣೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಲ್ಲಿ ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕಲ್ಲು, ಗಾರೆ, ಆಳು, ಹಣ ಇವನ್ನು ವರ್ಷಗಟ್ಟಲೆ ಹೊಂದಿಸಿದ್ದೂ ಅಷ್ಟೇ ದೊಡ್ಡ ಸಾಧನೆ.

1957ರ ಸುಮಾರಿಗೆ ಅಮೆರಿಕದಲ್ಲಿ ರೂಪುಗೊಂಡ ‘ಕ್ರಿಟಿಕಲ್ ಪಾತ್’ ವಿಧಾನ ಈ ವಿದ್ಯೆಗೆ ಗಣಿತದ ಆಧಾರ ನೀಡಿತು. ಕಿಟಕಿಯ ಚೌಕಟ್ಟು ನಾಲ್ಕು ದಿನ ತಡವಾದರೂ ಅಷ್ಟರಲ್ಲಿ ಬೇರೆ ಕೆಲಸ ಸಾಗೀತು. ಕಂಬದ ಕಂಬಿ ತಡವಾದರೆ ಮೇಲಿನದೆಲ್ಲವೂ ನಿಲ್ಲುತ್ತದೆ. ಯಾವ ತಡ ಇಡೀ ಕಟ್ಟಡವನ್ನು ತಡೆಯುತ್ತದೆಂಬುದನ್ನು ಮೊದಲೇ ಗುರುತಿಸುವುದೇ ಅದರ ತಿರುಳು.

ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷಗಳ ಸಿವಿಲ್ ಎಂಜಿನಿಯರಿಂಗ್ ಪದವಿ ರಾಜಮಾರ್ಗ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಪಡೆದು, ನೇರ ಪದವಿಯ ಎರಡನೆಯ ವರ್ಷಕ್ಕೆ ಸೇರಲೂಬಹುದು. ಹಣದ ಅಡಚಣೆಯಿರುವ ಮನೆಗಳಿಗೆ ಇದು ಒಳ್ಳೆಯ ದಾರಿ. ಆಮೇಲೆ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವುಂಟು. ಇದಕ್ಕೆಂದೇ 1983ರಲ್ಲಿ ‘ನಿಕ್ಮಾರ್’ ಸಂಸ್ಥೆ ಸ್ಥಾಪನೆಯಾಯಿತು. ಪುಣೆ ಅದರ ಮುಖ್ಯ ನೆಲೆ. ಆದರೆ ದೊಡ್ಡ ಸಾಲ ಮಾಡಿ ಸ್ನಾತಕೋತ್ತರಕ್ಕೆ ಸೇರುವ ಮುನ್ನ ಎರಡು ವರ್ಷ ಕಾಮಗಾರಿಯ ಸ್ಥಳದಲ್ಲಿ ದುಡಿಯಿರಿ ಎಂಬುದು ನಮ್ಮ ಸಲಹೆ.

ಸೈಟ್ ಎಂಜಿನಿಯರ್, ಯೋಜನಾ ಎಂಜಿನಿಯರ್, ಅಳತೆ ಮತ್ತು ಬಿಲ್ಲಿನ ಲೆಕ್ಕ, ಗುಣಮಟ್ಟ, ಸುರಕ್ಷತೆ, ಕರಾರು ಹೀಗೆ ಉದ್ಯೋಗದ ಬಾಗಿಲುಗಳು ಹಲವು. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ ಖರೀದಿದಾರರ ಹಣದ ಶೇ. 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಕಾಮಗಾರಿ ಮುಂದುವರಿದಂತೆ ಮಾತ್ರ ಅದನ್ನು ತೆಗೆಯಬಹುದು. ಆದ್ದರಿಂದ ವೇಳಾಪಟ್ಟಿ, ಲೆಕ್ಕ ಬಲ್ಲವರ ಬೆಲೆ ಹೆಚ್ಚಿದೆ. ಕಷ್ಟವನ್ನೂ ಮುಚ್ಚಿಡಲಾರೆವು: ಬಿಸಿಲು, ಊರೂರು ತಿರುಗಾಟ, ಆರಂಭದಲ್ಲಿ ಕಡಿಮೆ ಸಂಬಳ.

ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಇಂಗ್ಲಿಷ್ ಪಠ್ಯ ಬೆಟ್ಟವಾಗಿ ತೋರುತ್ತದೆ. ಕರಾರುಪತ್ರಗಳು ಇಂಗ್ಲಿಷಿನಲ್ಲಿರುವುದರಿಂದ ಅದನ್ನು ಕಲಿಯಲೇಬೇಕು. ಆದರೆ ಮೇಸ್ತ್ರಿಯೊಡನೆ, ಸೆಂಟ್ರಿಂಗ್ ಕೆಲಸದವರೊಡನೆ ಅವರ ಮಾತಿನಲ್ಲೇ ಮಾತನಾಡಬೇಕು. ಗಡಿನಾಡಿನ ನಮಗೆ ಕನ್ನಡದ ಜೊತೆಗೆ ತಮಿಳೂ ಕಿವಿಗೆ ಬಿದ್ದಿದೆ. ಕೆಲಸದ ಸ್ಥಳದಲ್ಲಿ ಅದು ದೊಡ್ಡ ಬಂಡವಾಳ.

ಪ್ರತಿ ಬೇಸಿಗೆ ರಜೆಯಲ್ಲೂ ಹತ್ತನೆಯ ತರಗತಿಯವರನ್ನು ಒಂದು ಕಾಮಗಾರಿಗೆ ಕರೆದೊಯ್ದು ತೋರಿಸಲು ನಾವು ಸಿದ್ಧರಿದ್ದೇವೆ. ಶಾಲೆ ಅನುಮತಿ ಕೊಡಲಿ. ಪೋಷಕರು ಹೆಣ್ಣುಮಕ್ಕಳನ್ನೂ ಕಳುಹಿಸಲಿ.