ಅಪ್ಪನಿಗೆ ಹೋದದ್ದು ಮಾತು ಮಾತ್ರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪು ಹೇಳಬೇಕೆಂದು ಕರೆದಿದ್ದೀರಿ. ಗೇಟಿನ ಎದುರು ಕಡಲೆಮಿಠಾಯಿ, ನೋಟ್‌ಬುಕ್ಕು, ರೀಫಿಲ್ಲು ಮಾರುತ್ತಿದ್ದ ಅಂಗಡಿ ನಿಮಗೆಲ್ಲ ಗೊತ್ತು. ಆ ಅಂಗಡಿಯವರು ನನ್ನ ಅಪ್ಪ. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ಎಲ್ಲರೂ ಲಕ್ವ ಎಂದರು. ಎಣ್ಣೆ ತಿಕ್ಕಿಸುತ್ತಾ ಒಂದು ದಿನ ಕಳೆದೆವು. ತಪ್ಪು ನನ್ನದು, ಅದಕ್ಕೇ ಹೇಳುತ್ತಿದ್ದೇನೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸ್ಕ್ಯಾನ್ ಮಾಡಿಸಿ, ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಕೈ ಏಳದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಅಪ್ಪ ನಡೆಯುವಂತಾದರು, ಮಾತು ಬರಲಿಲ್ಲ. ಏನು ಬೇಕಾದರೂ "ಅದು, ಅದು". ನೀರು ಎನ್ನಲು ಹೋಗಿ ಒಮ್ಮೊಮ್ಮೆ "ಚಾಪೆ" ಎನ್ನುವರು. ತಪ್ಪೆಂದು ತಿಳಿದು ಹಣೆ ಚಚ್ಚಿಕೊಳ್ಳುವರು. ನೋಡಲು ಬಂದವರು ಕಿವುಡರೊಡನೆ ಮಾತಾಡುವಂತೆ ಕೂಗುತ್ತಿದ್ದರು. ಒಬ್ಬರು ಅವರೆದುರಿಗೇ "ಬುದ್ಧಿಗೂ ಏನಾದರೂ ಆಗಿದೆಯೇನಮ್ಮಾ?" ಎಂದು ನನ್ನನ್ನು ಕೇಳಿದರು. ಅಪ್ಪ ಅತ್ತದ್ದು ಅವತ್ತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಇದಕ್ಕೆ ಅಫೇಸಿಯಾ ಎಂಬ ಹೆಸರಿದೆ ಎಂದು ತಿಳಿದದ್ದು ಅಲ್ಲಿ. ಪರೀಕ್ಷೆ ಕನ್ನಡದಲ್ಲೇ ನಡೆಯಿತು. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮೆದುಳಿನ ಎಡಭಾಗದ್ದು. ಅಲ್ಲಿ ಪೆಟ್ಟಾದರೆ ಪದ ಸಿಗುವುದಿಲ್ಲ, ಯೋಚನೆ ಇರುತ್ತದೆ. 1861ರಲ್ಲಿ ಪ್ಯಾರಿಸಿನ ಬ್ರೋಕಾ ಎಂಬ ವೈದ್ಯರು "ಟ್ಯಾನ್" ಎಂದಷ್ಟೇ ಹೇಳಬಲ್ಲ ರೋಗಿಯೊಬ್ಬನ ಮೆದುಳನ್ನು ಪರೀಕ್ಷಿಸಿ ಈ ಸಂಬಂಧ ತೋರಿಸಿದರಂತೆ. ಅಪ್ಪನ "ಅದು" ಲೋಕದಲ್ಲಿ ಒಂಟಿಯಲ್ಲ ಎಂದು ನನಗೆ ಎಷ್ಟೋ ಸಮಾಧಾನವಾಯಿತು.

ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ದಿನಾ ಮಾಡುತ್ತೇವೆ. ಲೋಟ ತೋರಿಸಿ ನಾನು "ನೀ..." ಎಂದರೆ ಅವರು "ನೀರು" ಎಂದು ಮುಗಿಸುತ್ತಾರೆ. ಬಿಡಿಯಾಗಿ ಮೂರು ಎನ್ನಲಾರರು, ಒಂದರಿಂದ ಎಣಿಸಿದರೆ ಮೂರು ಬರುತ್ತದೆ. ವಿಚಿತ್ರವೆಂದರೆ ಬೆಳಿಗ್ಗೆ ಈ ಶಾಲೆಯ ಪ್ರಾರ್ಥನೆ ಕೇಳಿಸಿದಾಗ ಜಗಲಿಯಲ್ಲಿ ಕೂತು ಪದ ತಪ್ಪದೆ ಹಾಡುತ್ತಾರೆ. ಹಾಡನ್ನು ಹಿಡಿದು ಮಾತಿಗೆ ತರುವ ಚಿಕಿತ್ಸೆಯೂ ಇದೆ. ಮೂರು ವರ್ಷದ ಮೇಲೂ ಹೊಸ ಪದ ಬರುತ್ತಿದೆ, ಹಳೆಯ ಅಪ್ಪ ಪೂರ್ತಿ ಬರುತ್ತಾರೆಂದು ನಾನು ಹೇಳಲಾರೆ.

ದೂರವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಶ್ವತವಾಗಿ ಉಳಿದ ಅಫೇಸಿಯಾವನ್ನು ಹೆಸರಿಸಿಯೇ ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಸೇರಿಸಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕೈಕಾಲು ಸರಿಯಿದೆಯಲ್ಲ ಎಂದು ಯಾರಾದರೂ ವಾಪಸು ಕಳಿಸಿದರೆ ಇದನ್ನು ಹೇಳಿ.

ಅಪ್ಪ ಇವತ್ತು ಬಂದಿದ್ದಾರೆ, ಬೇವಿನ ಮರದ ಕೆಳಗೆ ಕೂತಿದ್ದಾರೆ. ಊಟವಾದ ಮೇಲೆ ಹೋಗಿ ಮಾತಾಡಿಸಿ. ಕೂಗಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು-ಅಲ್ಲ ಎನ್ನುವಂಥದ್ದು. ಆಮೇಲೆ ಕಾಯಿರಿ, ಅವರ ಮಾತನ್ನು ನೀವು ಮುಗಿಸಬೇಡಿ. ಇನ್ನೊಂದು ಮಾತು: ಅಂಗಡಿಯ ಬಾಕಿ ಯಾರದ್ದು ಎಷ್ಟಿದೆ ಎಂಬುದು ಅವರಿಗೆ ಇನ್ನೂ ನೆನಪಿದೆ. ಬೆರಳಿನಲ್ಲಿ ತೋರಿಸುತ್ತಾರೆ.