ಪ್ರಶ್ನೆ ಹಿಡಿದು ಕಪಾಟಿನ ಬಳಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಈ ಪುಸ್ತಕ ಪ್ರದರ್ಶನಕ್ಕೆ ಬಂದಿರುವ ಶಿಕ್ಷಕರೇ, ಗ್ರಂಥಪಾಲಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ಶಿರಾ ತಾಲ್ಲೂಕಿನ ಕಗ್ಗಲಡಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಾಡು ಬಿಟ್ಟು ಊರಿಗೇ ಏಕೆ ಬರುತ್ತವೆ ಎಂದು ಅಲ್ಲಿನ ಹುಡುಗಿಯೊಬ್ಬಳು ಕೇಳಿದರೆ ಅವಳು ಯಾವ ಕಪಾಟಿನ ಮುಂದೆ ನಿಲ್ಲಬೇಕು? ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಹಕ್ಕಿಗಳ ಸಂಖ್ಯೆ 598. ಈ ಮೂರು ಅಂಕಿ ಗೊತ್ತಿದ್ದರೆ, ಆ ಪದ್ಧತಿ ಇರುವ ಯಾವ ಊರಿನ ಗ್ರಂಥಾಲಯದಲ್ಲೂ ಆಕೆ ಯಾರನ್ನೂ ಕೇಳದೆ ಪುಸ್ತಕದ ಬಳಿ ಹೋಗಬಲ್ಲಳು.

ಇದನ್ನು ಕಲಿಸಲು ಒಂದು ಪೀರಿಯಡ್ ಸಾಕು. ಆದರೆ ಬಹಳಷ್ಟು ಕಡೆ ಗ್ರಂಥಾಲಯದ ಪಾಠ ಗದ್ದಲ ಮಾಡಬೇಡಿ, ಹಾಳೆ ಹರಿಯಬೇಡಿ ಎಂಬಲ್ಲಿಗೇ ಮುಗಿದುಬಿಡುತ್ತದೆ.

ಪಾವಗಡದ ಮಕ್ಕಳ ಎದುರಿಗಿರುವುದು ಇನ್ನೂ ದೊಡ್ಡ ಪ್ರಶ್ನೆ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹಬ್ಬಿದೆ. ಬಿಸಿಲು ವಿದ್ಯುತ್ ಆಗುವ ಬಗೆ ತಿಳಿಯಲು 621ರ ಸಾಲಿಗೆ ಹೋಗಬೇಕು. ರೈತರ ಜಮೀನು ಗುತ್ತಿಗೆಯ ಲೆಕ್ಕಾಚಾರ ತಿಳಿಯಲು 333ಕ್ಕೆ. ಒಂದೇ ವಿಷಯ ಎರಡು ಕಪಾಟುಗಳಲ್ಲಿ ಕುಳಿತಿರುತ್ತದೆ ಎಂಬುದು ಮಗುವಿಗೆ ಓಡಾಡಿಯೇ ತಿಳಿಯಬೇಕು.

ಕಪಾಟು ಸಿಕ್ಕಿದ ಮೇಲೂ ಕೆಲಸವಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಮಧುಗಿರಿ ಎಂದು ಹುಡುಕುವ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗಬಹುದು. ಅಂದು ಊರಿನ ಹೆಸರು ಮದ್ದಗಿರಿ. ಹಳೆಯ ಹೆಸರಿನಲ್ಲೂ ಹುಡುಕು, ಪರಿವಿಡಿ ನೋಡು, ಕೊನೆಯ ಪದಸೂಚಿ ತಿರುವು ಎಂದು ಪಕ್ಕದಲ್ಲಿ ನಿಂತು ಹೇಳುವ ಮೇಷ್ಟ್ರು ಆಗ ಬೇಕು. ಸಿದ್ಧರಬೆಟ್ಟದ ಮೂಲಿಕೆಗಳನ್ನು ಹುಡುಕುವ ಕೊರಟಗೆರೆಯ ಮಕ್ಕಳಿಗೂ ಇದೇ ಅಭ್ಯಾಸ ನೆರವಾಗುತ್ತದೆ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗರ ಸಮಯ ಉಳಿಯಬೇಕೆಂಬುದು ನಾಲ್ಕನೆಯದು. ಹುಡುಕುವ ದಾರಿ ಕಲಿತ ಮಗು ಆ ಸಮಯವನ್ನು ತಾನೇ ಉಳಿಸಿಕೊಳ್ಳುತ್ತದೆ.

ಪಂಚಾಯಿತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಕಾರ್ಡು ಕೈಗೆ ಬಂದ ಮಗುವಿಗೆ ಗ್ರಂಥಪಾಲಕರು ಹತ್ತು ನಿಮಿಷ ಕಪಾಟುಗಳನ್ನು ಸುತ್ತಿಸಿ ತೋರಿಸಲಿ.

ಪ್ರದರ್ಶನ ತೆರೆದಿದೆ. ಪ್ರತಿ ಶಾಲೆಯ ತಂಡ ತಮ್ಮೂರಿನ ಒಂದು ಪ್ರಶ್ನೆ ಆರಿಸಿಕೊಂಡು ಒಳಗೆ ಹೋಗಲಿ. ಉತ್ತರ ಸಿಕ್ಕಿದ ಪುಸ್ತಕದ ಹೆಸರು, ಲೇಖಕರು, ಪುಟಸಂಖ್ಯೆ ಬರೆದುಕೊಂಡು ಬರಲಿ. ಸಿಗದಿದ್ದರೆ ಎಲ್ಲೆಲ್ಲಿ ಹುಡುಕಿದರೆಂಬುದನ್ನೂ ಬರೆಯಲಿ.